ಫ್ರೀಜರಿಗೆ ಮೊದಲಿನ ಹತ್ತು ನಿಮಿಷ

ಮರದಿಂದ ಕಿತ್ತ ಎಲೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ, ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಬಂದು, ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ‘ಸ್ಯಾಂಪಲ್ ಫ್ರೀಜ್ ಮಾಡಿದ್ದೇವೆ’ ಎಂದು ಹೇಳಿಕೊಳ್ಳುವವರು ಬಹಳ ಮಂದಿ. ಒಂದೆರಡು ವರ್ಷದ ನಂತರ ಡಿಎನ್‌ಎ ತೆಗೆಯಲು ಕೂತರೆ ಟ್ಯೂಬಿನ ತಳದಲ್ಲಿ ಸಿಗುವುದು ಕಂದುಬಣ್ಣದ ಅಂಟು. ಬೈಸಿಕೊಳ್ಳುವುದು ಫ್ರೀಜರ್. ಅದರ ತಪ್ಪೇನಿಲ್ಲ, ಎಲೆ ಬಸ್ಸಿನಲ್ಲೇ ಹಾಳಾಗಿತ್ತು. ಶೀತಕ್ಕೆ ಗೊತ್ತಿರುವುದು ನಿಲ್ಲಿಸುವ ಕೆಲಸ ಮಾತ್ರ. ಕೆಟ್ಟ ಎಲೆಯನ್ನು ಕೊಟ್ಟರೆ ಅದು ಕೆಟ್ಟ ಎಲೆಯನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ.

ಕಾಲೇಜಿನ ಪುಟ್ಟ ಲ್ಯಾಬುಗಳಲ್ಲಿ ಕೆಲಸ ಮಾಡುವವರು, ನಾಡತಳಿಗಳ ದಾಖಲಾತಿಗೆ ಇಳಿದಿರುವ ರೈತ ಗುಂಪುಗಳು, ಪಿಎಚ್‌ಡಿಗೆಂದು ಮಲೆನಾಡು ಸುತ್ತುವ ವಿದ್ಯಾರ್ಥಿಗಳು ಕೂಡಿಡುವ ಮಾದರಿಗಳು ಹತ್ತಿಪ್ಪತ್ತು ವರ್ಷ ಬಾಳಬೇಕಾದವು. ಇವತ್ತು ನಮಗೆ ಹೊಳೆಯದ ಪ್ರಶ್ನೆಯನ್ನು ಮುಂದೆ ಇನ್ನೊಬ್ಬರು ಅದೇ ಎಲೆಗೆ ಕೇಳುತ್ತಾರೆ. ಅದಕ್ಕೆ ಬೇಕಾದ ಕ್ರಮವನ್ನು ಇಲ್ಲಿ ಅಪ್ಪೆಮಿಡಿ ಮಾವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅಘನಾಶಿನಿ, ಶರಾವತಿ ಸೀಮೆಯ ಅಪ್ಪೆ ಮರಗಳು ಬಹುಪಾಲು ಬೀಜದಿಂದ ತಾವಾಗಿ ಎದ್ದವು. ಒಂದರ ಪರಿಮಳ ಇನ್ನೊಂದಕ್ಕಿಲ್ಲ. ‘ಅನಂತಭಟ್ಟನ ಅಪ್ಪೆ’ ಎಂದು ಎರಡು ಊರಿನವರು ತೋರಿಸುವ ಮರಗಳು ಒಂದೇ ತಳಿಯೋ, ಹೆಸರಷ್ಟೇ ಒಂದೋ ಎಂಬುದಕ್ಕೆ ಕೊನೆಯ ಸಾಕ್ಷಿ ಡಿಎನ್‌ಎ. ಜತೆಗೆ ಮಾವು ಮೊಂಡ ಗಿಡ. ಎಲೆಯಲ್ಲಿ ಒಗರೂ ಇದೆ, ಸೊನೆಯೂ ಇದೆ, ಡಿಎನ್‌ಎಗೆ ಅಂಟಿಕೊಳ್ಳುವ ಪಾಲಿಸ್ಯಾಕರೈಡುಗಳೂ ಇವೆ. ಮಾವಿನೆಲೆ ಕಾಪಿಡುವುದು ಒಲಿದರೆ ಭತ್ತ, ರಾಗಿಯ ಎಲೆಗಳು ಸಲೀಸು.

ಎಲೆಯೊಳಗೆ ನಡೆಯುವುದು

ಸಸ್ಯದ ಬೆಳೆದ ಜೀವಕೋಶದಲ್ಲಿ ಬಹುಪಾಲು ಜಾಗ ರಸದಾನಿಯದು. ಆಮ್ಲಗಳು, ಒಗರಿನ ಫೀನಾಲುಗಳು, ಡಿಎನ್‌ಎ ಮತ್ತು ಆರ್‌ಎನ್‌ಎಗಳನ್ನು ತುಂಡರಿಸಬಲ್ಲ ಕಿಣ್ವಗಳು ಅದರೊಳಗೆ ಬೇರೆಯಾಗಿ ಇರುತ್ತವೆ. ಎಲೆ ಜೀವಂತವಿರುವ ತನಕ ನಡುವಿನ ಪೊರೆ ಭದ್ರ. ಎಲೆ ನಿಧಾನವಾಗಿ ತಣ್ಣಗಾದರೆ ನೀರು ದೊಡ್ಡ ಹರಳುಗಳಾಗಿ ಬೆಳೆದು ಪೊರೆಗಳನ್ನು ಸೀಳುತ್ತದೆ. ಹೆಪ್ಪುಗಟ್ಟಿರುವಷ್ಟು ಹೊತ್ತು ಇದು ಕಣ್ಣಿಗೆ ಕಾಣದು. ಕರಗಿದ ಕೂಡಲೇ ರಸದಾನಿಯ ಸರಕೆಲ್ಲ ಹೊರಗೆ ಹರಿದು ಡಿಎನ್‌ಎ ಮೇಲೆ ಬೀಳುತ್ತದೆ. ಫ್ರೀಜರಿನಲ್ಲಿ ಮರೆತ ಕೊತ್ತಂಬರಿ ಸೊಪ್ಪು ಹೊರತೆಗೆದ ಸ್ವಲ್ಪ ಹೊತ್ತಿಗೇ ಕಪ್ಪಾಗಿ ಲೊಳಲೊಳ ಆಗುವುದು ಇದೇ ಕಾರಣಕ್ಕೆ. ಫೀನಾಲುಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಂದಾಗಿ ಡಿಎನ್‌ಎಗೆ ಕಚ್ಚಿಕೊಂಡರೆ ಅವನ್ನು ಬಿಡಿಸುವ ಉಪಾಯವಿಲ್ಲ.

ಆದ್ದರಿಂದ ನಿಯಮ ಎರಡೇ: ಹೆಪ್ಪುಗಟ್ಟಿಸುವುದು ಸರಕ್ಕನೆ ಆಗಬೇಕು, ಒಮ್ಮೆ ಹೆಪ್ಪುಗಟ್ಟಿದ್ದು ಬಳಸುವ ಗಳಿಗೆವರೆಗೆ ಕರಗಬಾರದು. ಎಷ್ಟು ತಣ್ಣಗೆ ಎಂಬುದು ಇವೆರಡರ ನಂತರದ ಮಾತು. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆ ಶೀತದಲ್ಲಿ ಎಲೆ ಕಲ್ಲಿನಂತೆ ಕಂಡರೂ ಸಕ್ಕರೆ, ಲವಣಗಳಿಂದ ಗಟ್ಟಿಯಾದ ಒಂದಿಷ್ಟು ರಸ ಒಳಗೆ ದ್ರವವಾಗಿಯೇ ಉಳಿಯುತ್ತದೆ. ಕಿಣ್ವಗಳು ಅದರಲ್ಲಿ ಆಮೆವೇಗದಲ್ಲಿ ಕೆಲಸ ಮುಂದುವರಿಸುತ್ತವೆ. ಹಸಿ ಎಲೆಗೆ ಇದು ಕೆಲವು ವಾರಗಳ ತಂಗುದಾಣ, ಅಷ್ಟೇ. ಮೈನಸ್ 80ರ ಡೀಪ್ ಫ್ರೀಜರಿನಲ್ಲಿ ವರ್ಷಗಟ್ಟಲೆ ಇಡಬಹುದು. ದ್ರವ ಸಾರಜನಕ ಕುದಿಯುವುದು ಮೈನಸ್ 196ರಲ್ಲಿ. ಮೈನಸ್ 135ರ ಸುಮಾರಿಗಿಂತ ಕೆಳಗೆ ನೀರು ಗಾಜಿನ ಸ್ಥಿತಿಯಲ್ಲಿ ಉಳಿಯುವುದರಿಂದ ಅಣುಗಳ ಓಡಾಟವೇ ನಿಂತಂತೆ. ಜೀವಂತ ಅಂಗಾಂಶ ಉಳಿಸಬೇಕಾದರೆ ಮಾತ್ರ ಅಷ್ಟು ಕೆಳಗೆ ಹೋಗುವ ಅಗತ್ಯ ಬೀಳುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಫ್ರೀಜರ್

ಎಲ್ಲರಿಗೂ ಮೈನಸ್ 80 ಬೇಕಿಲ್ಲ. ಸಣ್ಣ ಸಂಸ್ಥೆಗಳು ಲಕ್ಷಾಂತರ ರೂಪಾಯಿಯ ಡೀಪ್ ಫ್ರೀಜರ್ ತರಿಸಿ, ಅದಕ್ಕೆ ಸರಿಯಾದ ವಿದ್ಯುತ್ ಕೊಡಲಾಗದೆ, ಎಲೆಗಳನ್ನು ಒಣಗಿಸಿಟ್ಟಿದ್ದರೆ ಉಳಿಯುತ್ತಿದ್ದ ಮಾದರಿಗಳನ್ನೇ ಕಳೆದುಕೊಳ್ಳುವುದು ನನಗೆ ಪೆದ್ದುತನವಾಗಿ ಕಾಣುತ್ತದೆ. ತಳಿ ಗುರುತಿಸುವ ಮಾರ್ಕರುಗಳಿಗೆ, ಪಿಸಿಆರ್‌ಗೆ, ಬಾರ್‌ಕೋಡಿಂಗ್‌ಗೆ ಡಿಎನ್‌ಎ ಉದ್ದುದ್ದ ಇರಬೇಕೆಂದಿಲ್ಲ. ಈ ಕೆಲಸಗಳಿಗೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆ ಸಾಕು. ಜೀನೋಮನ್ನು ಹೊಸದಾಗಿ ಜೋಡಿಸಲು ಲಕ್ಷ ಬೇಸುಗಳುದ್ದದ ಅಖಂಡ ಡಿಎನ್‌ಎ ಬೇಕು, ಅದಕ್ಕೆ ಎಳೆ ಎಲೆಯನ್ನು ಮರದ ಬುಡದಲ್ಲೇ ದ್ರವ ಸಾರಜನಕಕ್ಕೆ ಹಾಕಬೇಕು. ಆಪೂಸು ಮಾವಿನ 20 ಜೋಡಿ ಕ್ರೋಮೋಸೋಮುಗಳ ಜೀನೋಮ್ 2020ರಲ್ಲಿ ಪ್ರಕಟವಾಗಿರುವುದರಿಂದ ಅಪ್ಪೆಯ ಸಣ್ಣ ತುಣುಕುಗಳನ್ನೂ ಈಗ ಅದರ ಜತೆ ಹೋಲಿಸಿ ನೋಡಬಹುದು. ಹೀಗಾಗಿ ಪ್ರತಿ ಮರಕ್ಕೂ ಅಖಂಡ ಡಿಎನ್‌ಎ ಬೇಕೆಂಬ ಹಟ ಬಿಡಬಹುದು.

ಆರ್‌ಎನ್‌ಎ ಮಾತೇ ಬೇರೆ. ಯಾವ ಜೀನು ಯಾವಾಗ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಆರ್‌ಎನ್‌ಎ ಬೇಕು. ಎಲೆ ಕಿತ್ತ ಕೆಲವೇ ನಿಮಿಷಗಳಲ್ಲಿ ಗಾಯಕ್ಕೆ ಸಂಬಂಧಿಸಿದ ಜೀನುಗಳು ಎಚ್ಚರಗೊಂಡು ಲೆಕ್ಕವೇ ಬದಲಾಗುತ್ತದೆ. ಬೆಳಗಿನ ಎಲೆಗೂ ಮಧ್ಯಾಹ್ನದ ಎಲೆಗೂ ವ್ಯತ್ಯಾಸವಿರುತ್ತದೆ. ಇಲ್ಲಿ ಕೀಳುವುದಕ್ಕೂ ಹೆಪ್ಪುಗಟ್ಟಿಸುವುದಕ್ಕೂ ನಡುವೆ ಸೆಕೆಂಡುಗಳ ಅಂತರವಿರಬೇಕು, ಹೋಲಿಸುವ ಮಾದರಿಗಳನ್ನೆಲ್ಲ ದಿನದ ಒಂದೇ ಹೊತ್ತಿಗೆ ತೆಗೆಯಬೇಕು. ಮಾರುಕಟ್ಟೆಯಲ್ಲಿ ಸಿಗುವ, ಅಮೋನಿಯಂ ಸಲ್ಫೇಟ್ ಆಧಾರಿತ ಆರ್‌ಎನ್‌ಎ ರಕ್ಷಕ ದ್ರಾವಣಗಳು ಪ್ರಾಣಿ ಅಂಗಾಂಶಕ್ಕೆ ಚೆನ್ನಾಗಿ ಒಗ್ಗುತ್ತವೆ. ಮಾವಿನಂಥ ಮೇಣದ ಹೊದಿಕೆಯ ಎಲೆಯೊಳಗೆ ಅವು ಇಳಿಯುವುದೇ ತಡ. ಬೇರೆ ದಾರಿಯಿಲ್ಲದಾಗ ಎಲೆಯನ್ನು ಸಣ್ಣ ಸಣ್ಣಗೆ ಕತ್ತರಿಸಿ ಮುಳುಗಿಸಿ.

ಇನ್ನು, ಅದೇ ಗಿಡವನ್ನು ಮತ್ತೆ ಬೆಳೆಸಬೇಕೆಂಬ ಆಸೆಯಿದ್ದರೆ ಈ ಯಾವ ವಿಧಾನವೂ ಉಪಯೋಗಕ್ಕೆ ಬಾರದು. ಹೆಪ್ಪುಗಟ್ಟಿಸಿದ ಎಲೆ ಸತ್ತ ಎಲೆ. ಅದರಲ್ಲಿ ಮಾಹಿತಿ ಉಳಿದಿದೆ, ಮರ ಉಳಿದಿಲ್ಲ. ‘ನಮ್ಮ ತಳಿಯ ಡಿಎನ್‌ಎ ಲ್ಯಾಬಿನಲ್ಲಿ ಭದ್ರವಾಗಿದೆ’ ಎಂಬ ಧೈರ್ಯದ ಮೇಲೆ ಹೊಳೆದಂಡೆಯ ಮರ ಕಡಿಯಲು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕು.

ಸಿಲಿಕಾ ಜೆಲ್: ಬಡವರ ಡೀಪ್ ಫ್ರೀಜರ್

ಎಲೆಯ ಡಿಎನ್‌ಎಗೆ ಸಿಲಿಕಾ ಜೆಲ್ ತಕ್ಕದ್ದೆಂದು ಮಾರ್ಕ್ ಚೇಸ್ ಮತ್ತು ಹೆರಾಲ್ಡ್ ಹಿಲ್ಸ್ 1991ರಲ್ಲಿ ಬರೆದ ಮೇಲೆ ಜಗತ್ತಿನ ಸಸ್ಯಸಂಗ್ರಾಹಕರ ಚೀಲದ ತೂಕವೇ ಇಳಿಯಿತು. ಹೆಪ್ಪುಗಟ್ಟಿಸಿದಾಗ ನೀರು ಕಿಣ್ವದ ಕೈಗೆ ಸಿಗುವುದಿಲ್ಲ. ಒಣಗಿಸಿದಾಗಲೂ ಅದೇ ನಡೆಯುತ್ತದೆ, ಕರೆಂಟಿನ ಹಂಗಿಲ್ಲದೆ. ಒಣಗಿದ ಎಲೆಯ ತಾಳಿಕೆಗೆ ಸಾಕ್ಷಿ ಬೇಕಿದ್ದರೆ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದತ್ತ ನೋಡಿ. 1845ರಿಂದ ಬೆಳೆ ನಾಶಮಾಡಿದ ಅಂಗಮಾರಿ ರೋಗಾಣುವಿನ ತಳಿ ಯಾವುದೆಂದು 2013ರಲ್ಲಿ ಗುರುತಿಸಿದ್ದು ಹರ್ಬೇರಿಯಂಗಳಲ್ಲಿ ಒಣಗಿ ಕೂತಿದ್ದ ಹತ್ತೊಂಬತ್ತನೆಯ ಶತಮಾನದ ಎಲೆಗಳಿಂದ.

ಹಿಡಿಯಬೇಕಾದ ಸೂತ್ರ ಇದು: ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ, ಇಪ್ಪತ್ನಾಲ್ಕು ಗಂಟೆಯೊಳಗೆ ಗರಿಗರಿ. ಎಲೆಯ ದಪ್ಪ ನಡುನರ ತೆಗೆದುಹಾಕಿ, ಉಳಿದದ್ದನ್ನು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಚಹಾ ಸೋಸುವ ಕಾಗದದ ಚೀಲದಲ್ಲೋ ಫಿಲ್ಟರ್ ಕಾಗದದ ಮಡಿಕೆಯಲ್ಲೋ ಹಾಕಿ, ಅದನ್ನು ಜಿಪ್‌ಲಾಕ್ ಕವರಿನೊಳಗೆ ಸಿಲಿಕಾದ ನಡುವೆ ಹೂಳಿ. ಹರಳು ಸಣ್ಣದಿದ್ದಷ್ಟೂ ಎಲೆಗೆ ತಾಗುವ ಮೈ ಹೆಚ್ಚು, ಒಣಗುವುದೂ ಬೇಗ. ತೇವ ಹೀರಿದಾಗ ಬಣ್ಣ ಬದಲಿಸುವ ಹರಳುಗಳನ್ನು ಒಂದಿಷ್ಟು ಬೆರೆಸಿದರೆ ಸಿಲಿಕಾ ಬದಲಿಸುವ ಹೊತ್ತು ತಿಳಿಯುತ್ತದೆ. ನೀಲಿ ಹರಳಿನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ, ಕಿತ್ತಳೆಬಣ್ಣದ್ದನ್ನೇ ಕೇಳಿ ತನ್ನಿ. ತೇವ ಹೀರಿದ ಸಿಲಿಕಾವನ್ನು 110 ಡಿಗ್ರಿ ಆಸುಪಾಸಿನ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ಮೊದಲಿನಂತೆ ಆಗುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಎಲೆಯ ಮೇಲಿನ ನೀರೇ ಸಿಲಿಕಾದ ಅರ್ಧ ಶಕ್ತಿ ತಿನ್ನುತ್ತದೆ. ಹಳೆ ಹತ್ತಿ ಬಟ್ಟೆಯಲ್ಲಿ ಎಲೆಯನ್ನು ಒತ್ತಿ ಒರೆಸಿ, ಮೊದಲ ಎರಡು ಮೂರು ಗಂಟೆಯಲ್ಲೇ ಒಮ್ಮೆ ಸಿಲಿಕಾ ಬದಲಾಯಿಸಿ. ಬಸಳೆ, ಕಾಡುಬಸಳೆಯಂಥ ನೀರುತುಂಬಿದ, ಲೋಳೆಯ ಎಲೆಗಳು ಒಣಗುವ ಮೊದಲೇ ಕೊಳೆಯುತ್ತವೆ. ಅಂಥವುಗಳಲ್ಲಿ ಹೂವಿನ ದಳ ಒಣಗಿಸಿಡುವುದು ಒಳ್ಳೆಯ ಉಪಾಯ. ತೇವದ ಕಾಡುಗಳಲ್ಲಿ ಹರ್ಬೇರಿಯಂ ಗಿಡಗಳು ಬೂಸ್ಟು ಹಿಡಿಯದಿರಲೆಂದು ಅವಕ್ಕೆ ಸ್ಪಿರಿಟ್ ಹೊಯ್ಯುವ ಹಳೆಯ ಪದ್ಧತಿಯಿದೆ. ಗಿಡದ ರೂಪ ಉಳಿದರೂ ಡಿಎನ್‌ಎ ಚೂರುಚೂರಾಗುತ್ತದೆ. ಸ್ಪಿರಿಟ್ ತಾಗಿಸುವ ಮುಂಚೆ ಡಿಎನ್‌ಎಗೆಂದು ಒಂದೆಲೆ ಬೇರೆ ತೆಗೆದಿಡಿ.

ಗರಿಗರಿ ಒಣಗಿದ ಎಲೆಯನ್ನು ಕತ್ತಲೆಯ ಒಣ ಡಬ್ಬಿಯಲ್ಲಿ, ಸ್ವಲ್ಪ ಹೊಸ ಸಿಲಿಕಾ ಜತೆ ಇಟ್ಟರೆ ಸಾಮಾನ್ಯ ತಾಪದಲ್ಲೇ ವರ್ಷಗಟ್ಟಲೆ ಬಾಳುತ್ತದೆ. ಇನ್ನೂ ದೂರದ ಆಲೋಚನೆಯಿದ್ದವರು ಡಬ್ಬಿಯನ್ನು ಮೈನಸ್ 20ರಲ್ಲಿಡಬಹುದು. ಅಲ್ಲಿಂದ ಹೊರತೆಗೆದ ಡಬ್ಬಿ ಕೋಣೆಯ ತಾಪಕ್ಕೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ತಣ್ಣಗಿನ ಎಲೆಯ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಒಣಗಿಸಿದ ಶ್ರಮವೆಲ್ಲ ಹೊಳೆಪಾಲು.

ಹೊಳೆದಂಡೆಯಲ್ಲಿ ದ್ರವ ಸಾರಜನಕ

ಹಳ್ಳಿಯವರಿಗೆ ದ್ರವ ಸಾರಜನಕ ಹೊಸದೇನಲ್ಲ. ಪಶು ಆಸ್ಪತ್ರೆಯ ಮೂಲೆಯಲ್ಲಿ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುವ ಅಲ್ಯೂಮಿನಿಯಂ ಕಂಟೈನರಿನಲ್ಲಿ ಹೋರಿಯ ವೀರ್ಯದ ನಳಿಕೆಗಳು ಇರುವುದು ಇದರಲ್ಲೇ. ದೂರದ ತಾಲ್ಲೂಕುಗಳಲ್ಲಿ ಮಾದರಿ ಸಂಗ್ರಹಕ್ಕೆ ಹೊರಟವರು ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಎಂದು ಮೊದಲು ವಿಚಾರಿಸಬೇಕಾದದ್ದು ಅಲ್ಲಿಯೇ. ಅವರ ಕಂಟೈನರಿಗೆ ಕೈಹಾಕುವಂತಿಲ್ಲ ನಿಜ. ಆದರೆ ತುಂಬಿಸುವ ಗಾಡಿ ಯಾವ ದಿನ, ಯಾವ ಕಡೆಯಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಮರದ ಬುಡಕ್ಕೆ ಹೋದ ಮೇಲೆ ಮೊದಲು ಎಲೆಯ ಆಯ್ಕೆ. ಮಾವಿನ ಚಿಗುರು ಹುಟ್ಟುವಾಗ ತಾಮ್ರಗೆಂಪು, ಬಲಿತಾಗ ಕಡುಹಸಿರು. ನಮಗೆ ಬೇಕಾದದ್ದು ನಡುವಿನದು, ಕೆಂಪು ಬಿಟ್ಟು ತಿಳಿಹಸಿರಿಗೆ ತಿರುಗಿದ, ಇನ್ನೂ ಮೆತ್ತಗಿರುವ ಎಲೆ. ಅದರಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ ಡಿಎನ್‌ಎ ಹೆಚ್ಚು, ನಾರು ಕಡಿಮೆ. ಅಖಂಡ ಡಿಎನ್‌ಎ ಬೇಕಿದ್ದವರು ಒಂದೆರಡು ದಿನ ಮೊದಲೇ ಬಂದು ಆ ಟೊಂಗೆಗೆ ಕಪ್ಪು ಬಟ್ಟೆ ಕಟ್ಟಿ ಹೋಗಬೇಕು. ಬಿಸಿಲು ಸಿಗದ ಎಲೆ ತನ್ನೊಳಗಿನ ಪಿಷ್ಟವನ್ನು ತಿಂದು ಮುಗಿಸುತ್ತದೆ, ಡಿಎನ್‌ಎ ಜತೆ ಬರುವ ಅಂಟು ಇಳಿಯುತ್ತದೆ. ಎಲೆಯ ಮೇಲಿನ ಕಪ್ಪು ಬೂಸ್ಟು, ಜಿಗಿಹುಳುವಿನ ಅಂಟು, ಎಲೆಗಂಟುಗಳನ್ನು ನೋಡಿ ಬಿಟ್ಟುಬಿಡಿ ಅಥವಾ ಒದ್ದೆ ಟಿಶ್ಯೂನಲ್ಲಿ ಒರೆಸಿ. ಇಲ್ಲವಾದರೆ ಮಾವಿನ ಜತೆ ಶಿಲೀಂಧ್ರದ ಡಿಎನ್‌ಎಯನ್ನೂ ಓದಬೇಕಾಗುತ್ತದೆ.

ಒಂದು ಸಲದ ಡಿಎನ್‌ಎ ತೆಗೆಯಲು 100 ಮಿಲಿಗ್ರಾಂ ಹಸಿ ಎಲೆ ಸಾಕು, ಐದು ರೂಪಾಯಿ ನಾಣ್ಯದಗಲದ ಒಂದೆರಡು ತುಂಡು. ಅಖಂಡ ಡಿಎನ್‌ಎಗಾದರೆ ಕೆಲವು ಗ್ರಾಂ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತು ಎಲೆಯನ್ನು ಒಂದೇ ಕವರಿಗೆ ಹಾಕಿ ಹೆಪ್ಪುಗಟ್ಟಿಸಿದರೆ ಮುಂದೆ ಒಂದು ತುಂಡು ಬೇಕಾದಾಗಲೆಲ್ಲ ಹತ್ತೂ ಹೊರಗೆ ಬಂದು ಬೆವರುತ್ತವೆ. ಅಷ್ಟಷ್ಟೇ ತೂಗಿ, ಅಲ್ಯೂಮಿನಿಯಂ ಹಾಳೆಯಲ್ಲಿ ತೆಳ್ಳಗಿನ ಪೊಟ್ಟಣ ಕಟ್ಟಿ. ಒಂದು ಮರಕ್ಕೆ ಐದಾರು ಪೊಟ್ಟಣ. ಒಮ್ಮೆ ಬಿಚ್ಚಿದ್ದು ಮತ್ತೆ ಫ್ರೀಜರಿಗೆ ಹೋಗಕೂಡದು.

ಬೆಚ್ಚಗಿನ ವಸ್ತು ದ್ರವ ಸಾರಜನಕಕ್ಕೆ ಬಿದ್ದಾಗ ಸುತ್ತ ಆವಿಯ ಪದರ ಕಟ್ಟಿಕೊಳ್ಳುತ್ತದೆ, ಆ ಪದರ ಶೀತವನ್ನು ತಡೆಯುತ್ತದೆ. ದಪ್ಪ ಪೊಟ್ಟಣ ಹಾಕಿದರೆ ಹೊರಗಿನದು ಕಲ್ಲು, ಒಳಗಿನದು ಇನ್ನೂ ಹಸಿ. ತೆಳ್ಳಗಿನದನ್ನು ಒಂದೊಂದಾಗಿ ಉದ್ದ ಚಿಮುಟದಲ್ಲಿ ಮುಳುಗಿಸಿ, ಕುದಿತದ ಸದ್ದು ನಿಲ್ಲುವವರೆಗೆ ಹಿಡಿಯಿರಿ. ಡ್ರೈ ಐಸ್ ಮಾತ್ರ ಸಿಕ್ಕಿದರೂ ಚಿಂತೆಯಿಲ್ಲ. ಅದರ ತಾಪ ಮೈನಸ್ 78.5. ಅದನ್ನು ಪುಡಿಮಾಡಿ, ಎರಡು ಪದರದ ನಡುವೆ ಪೊಟ್ಟಣವನ್ನು ಒತ್ತಿಹಿಡಿದರೆ ತೆಳು ಎಲೆ ಬೇಗ ಗಟ್ಟಿಯಾಗುತ್ತದೆ. ಡಿಎನ್‌ಎಗೆ ಇಷ್ಟು ಧಾರಾಳ ಸಾಕು. ಇದೂ ಅದೂ ಎರಡೂ ಸಿಗದಿದ್ದರೆ ಎಲೆಯನ್ನು ಐಸ್ ಪೆಟ್ಟಿಗೆಯಲ್ಲಿ ತಣ್ಣಗೆ, ಹಸಿಯಾಗಿ, ಜೀವಂತವಾಗಿಯೇ ಲ್ಯಾಬಿಗೆ ತನ್ನಿ. ಅರೆಬರೆ ಹೆಪ್ಪುಗಟ್ಟಿಸಿ ತಂದದ್ದಕ್ಕಿಂತ ಅದೇ ವಾಸಿ.

ಅಪಾಯದ ಮಾತನ್ನು ಬಿಡುವಂತಿಲ್ಲ. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ 700 ಲೀಟರಿನ ಸಮೀಪ ಅನಿಲವಾಗುತ್ತದೆ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿದ್ದರೆ ಅದು ಬಾಂಬು. ದ್ರವದಲ್ಲಿ ಮುಳುಗಿಸಿದ್ದ ತಿರುಪು ಮುಚ್ಚಳದ ಟ್ಯೂಬಿನೊಳಕ್ಕೆ ಸಾರಜನಕ ನುಸುಳಿದ್ದರೆ ಹೊರತೆಗೆದ ಕೂಡಲೇ ಅದು ಸಿಡಿಯಬಹುದು, ಮುಖಕವಚ ಹಾಕಿಕೊಂಡೇ ತೆಗೆಯಿರಿ. ಮುಚ್ಚಿದ ಕೋಣೆಯಲ್ಲಿ, ಕಿಟಕಿ ಏರಿಸಿದ ಕಾರಿನಲ್ಲಿ, ಲಿಫ್ಟಿನಲ್ಲಿ ಅನಿಲ ತುಂಬಿಕೊಂಡರೆ ಆಮ್ಲಜನಕ ಕಡಿಮೆಯಾಗುತ್ತದೆ. ಅದಕ್ಕೆ ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಲಿಫ್ಟಿನಲ್ಲಿ ಕಂಟೈನರನ್ನು ಒಂಟಿಯಾಗಿ ಕಳಿಸಿ ನೀವು ಮೆಟ್ಟಿಲು ಹತ್ತಿ. ಕೈಗೆ ಸಡಿಲವಾದ ಶೀತನಿರೋಧಕ ಗವಸು, ಕಾಲಿಗೆ ಮುಚ್ಚಿದ ಬೂಟು. ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಬೇಡವೇ ಬೇಡ.

ಫ್ರೀಜರಿನ ಸಂಸಾರ

ಮನೆಗಳಲ್ಲಿ ಈಗ ಹೆಚ್ಚಾಗಿರುವ ಫ್ರಾಸ್ಟ್-ಫ್ರೀ ಫ್ರಿಜ್ಜು ಮಾದರಿಗಳಿಗೆ ಶತ್ರು. ಒಳಗೆ ಮಂಜು ಕಟ್ಟದಿರಲೆಂದು ಅದು ಆಗಾಗ ತಾನಾಗಿ ಕಾಯಿಲನ್ನು ಬಿಸಿಮಾಡುತ್ತದೆ, ಎಲೆ ಅಷ್ಟಷ್ಟೇ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತಿರುತ್ತದೆ. ಮೈನಸ್ 20 ಬೇಕಿದ್ದರೆ ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ, ಮೇಲಿನಿಂದ ಬಾಗಿಲು ತೆರೆಯುವ, ಕೈಯಾರೆ ಮಂಜು ತೆಗೆಯಬೇಕಾದ ಪೆಟ್ಟಿಗೆ ಫ್ರೀಜರ್ ಕೊಳ್ಳಿ. ಬಾಗಿಲು ತೆರೆದರೂ ತಣ್ಣನೆ ಗಾಳಿ ಅದರಲ್ಲಿ ಕೆಳಗೇ ಕೂತಿರುತ್ತದೆ.

ಹಳೆಯ ಮಾದರಿಯ ಮೈನಸ್ 80 ಫ್ರೀಜರ್ ದಿನಕ್ಕೆ 20 ಯೂನಿಟ್ ಸುಮಾರಿಗೆ ವಿದ್ಯುತ್ ತಿನ್ನುತ್ತದೆ. ಮೈನಸ್ 70ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಉಳಿಯುತ್ತದೆ. ಹೊರದೇಶದ ಹಲವು ಲ್ಯಾಬುಗಳು ಹಾಗೇ ಮಾಡುತ್ತಿವೆ, ಡಿಎನ್‌ಎ ಮಾದರಿಗಳಿಗೆ ಅದರಿಂದ ಧಕ್ಕೆಯಿಲ್ಲ. ಕರೆಂಟು ಕೈಕೊಡುವ ಊರುಗಳಲ್ಲಿ ಫ್ರೀಜರ್ ಖಾಲಿ ಬಿಡಬೇಡಿ. ಉಳಿದ ಜಾಗಕ್ಕೆ ನೀರಿನ ಬಾಟಲಿ ತುಂಬಿಟ್ಟರೆ ಗಟ್ಟಿಯಾದ ಆ ನೀರು ಗಂಟೆಗಟ್ಟಲೆ ಶೀತ ಹಿಡಿದಿಡುತ್ತದೆ. ಕರೆಂಟು ಹೋದಾಗ ‘ಹೇಗಿದೆ ನೋಡೋಣ’ ಎಂದು ಬಾಗಿಲು ತೆರೆಯುವವರನ್ನು ದೂರವಿಡಿ. ಗೋಡೆಗೆ ಅಂಟಿಸಿ ನಿಲ್ಲಿಸಿದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ, ಹಿಂದೆ ಗೇಣುದ್ದ ಜಾಗವಿರಲಿ. ಯಾವ ಪೊಟ್ಟಣ ಯಾವ ಪೆಟ್ಟಿಗೆಯಲ್ಲಿದೆ ಎಂಬ ನಕ್ಷೆ ಫ್ರೀಜರಿನ ಹೊರಗೆ, ಕಾಗದದ ಮೇಲೆ, ಇರಬೇಕು. ಬಾಗಿಲು ತೆರೆದಿಟ್ಟು ಹುಡುಕುವ ಪ್ರತಿ ನಿಮಿಷವೂ ನಷ್ಟ.

ಯಂತ್ರಕ್ಕಿಂತ ಮನುಷ್ಯರಿಂದ ಆಗುವ ಅನಾಹುತ ದೊಡ್ಡದು. 2020ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ದ್ಯುತಿಸಂಶ್ಲೇಷಣೆಯ ಸಂಶೋಧನೆಗೆ ಸಂಬಂಧಿಸಿದ ಮಾದರಿಗಳಿದ್ದ ಮೈನಸ್ 80 ಫ್ರೀಜರ್ ಎಚ್ಚರಿಕೆ ಗಂಟೆ ಬಾರಿಸುತ್ತಲೇ ಇತ್ತು. ದುರಸ್ತಿಗೆ ಜನ ಬರುವವರಿದ್ದರು. ಸದ್ದು ನಿಲ್ಲಿಸಬೇಕೆನಿಸಿದರೆ ಯಾವ ಗುಂಡಿ ಒತ್ತಬೇಕೆಂದು ಬಾಗಿಲ ಮೇಲೆ ಚೀಟಿಯೂ ಇತ್ತು. ಆದರೂ ಸ್ವಚ್ಛತೆಗೆ ಬಂದ ಕೆಲಸಗಾರರೊಬ್ಬರು ಸ್ವಿಚ್ ಬೋರ್ಡಿನಲ್ಲಿ ಬ್ರೇಕರನ್ನು ಆನ್ ಮಾಡುತ್ತಿದ್ದೇನೆ ಎಂದುಕೊಂಡು ಆಫ್ ಮಾಡಿದರು. ಗೊತ್ತಾಗುವ ಹೊತ್ತಿಗೆ ಒಳಗಿನ ತಾಪ ಮೈನಸ್ 32ಕ್ಕೆ ಏರಿತ್ತು. ದಶಕಗಳ ಕೆಲಸ ಹೋಯಿತೆಂದು ಸಂಸ್ಥೆ ಕೋರ್ಟಿಗೆ ಹೋಯಿತು. ಇದನ್ನು ಕೆಲಸಗಾರರ ದಡ್ಡತನವೆಂದು ನಗುವ ಬದಲು ನಾವು ನಮ್ಮ ಫ್ರೀಜರಿನ ಪ್ಲಗ್ಗಿನತ್ತ ನೋಡುವುದು ಒಳ್ಳೆಯದು. ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜರಿಗೆ ಜಾಗ ಖಾಲಿಯಿದ್ದರೆ ಒಂದು ದಿನ ಯಾರಾದರೂ ತಪ್ಪು ಪ್ಲಗ್ ಕೀಳುತ್ತಾರೆ. ಸ್ವಿಚ್ಚಿಗೆ ಕವಚ ಹಾಕಿಸಿ, ರಾತ್ರಿ ಕಾವಲಿನವರಿಗೆ ಯಾರಿಗೆ ಫೋನ್ ಮಾಡಬೇಕೆಂದು ಕನ್ನಡದಲ್ಲಿ ಬರೆದಂಟಿಸಿ. ಐದು ಪೊಟ್ಟಣಗಳಲ್ಲಿ ಎರಡಾದರೂ ಬೇರೊಂದು ಕಟ್ಟಡದ ಫ್ರೀಜರಿನಲ್ಲಿರಲಿ, ಒಣಗಿಸಿದ ಒಂದು ಪ್ರತಿ ಸಿಲಿಕಾದಲ್ಲಿರಲಿ.

ಹೊರತೆಗೆಯುವ ದಿನ

ಎಲ್ಲ ಸರಿಯಾಗಿ ಮಾಡಿದವರೂ ಸೋಲುವುದು ಈ ಹಂತದಲ್ಲಿ. ಪೊಟ್ಟಣ ಹೊರತೆಗೆದು ಮೇಜಿನ ಮೇಲಿಟ್ಟು, ಕೊಳವೆಗಳಿಗೆ ಹೆಸರು ಬರೆದು, ಆಮೇಲೆ ಅರೆಯಲು ಕೂರುತ್ತಾರೆ. ಅಷ್ಟರಲ್ಲಿ ಎಲೆ ಕರಗಿ ಕಪ್ಪಾಗಿರುತ್ತದೆ. ಹೆಪ್ಪುಗಟ್ಟಿದ ಎಲೆ ಪುಡಿಯಾಗಿ ಬಫರಿಗೆ ಬೀಳುವವರೆಗೆ ಕರಗಲೇಬಾರದು. ಒರಳು, ಕುಟ್ಟಾಣಿ, ಚಮಚ ಎಲ್ಲವನ್ನೂ ಮೊದಲೇ ದ್ರವ ಸಾರಜನಕ ಹಾಕಿ ತಣಿಸಿ. ಪುಡಿ ನುಣ್ಣಗಾದ ಮೇಲೆ ಅದನ್ನು 65 ಡಿಗ್ರಿಗೆ ಬಿಸಿಮಾಡಿಟ್ಟ, ಡಿಎನ್‌ಎ ತೆಗೆಯುವ ಸಿಟಾಬ್ ಬಫರಿಗೆ ನೇರವಾಗಿ ಸುರಿಯಿರಿ. ತಣ್ಣನೆಯ ಪುಡಿಗೆ ಬಿಸಿ ದ್ರಾವಣ ಏಕೆಂದರೆ, ಕಿಣ್ವಗಳು ಚೇತರಿಸಿಕೊಳ್ಳಲು ನಡುವೆ ಗಳಿಗೆಯೂ ಸಿಗಬಾರದು. ಡಾಯ್ಲ್ ದಂಪತಿ 1987ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಸಸ್ಯ ಲ್ಯಾಬುಗಳ ದಿನಬಳಕೆಯದು. ಬಫರಿನಲ್ಲಿರುವ ಇಡಿಟಿಎ, ಕಿಣ್ವಗಳಿಗೆ ಬೇಕಾದ ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ. ಮಾವಿಗೆ ಇದರ ಜತೆ ಪಿವಿಪಿ ಬೆರೆಸಬೇಕು, ಮರ್ಕಾಪ್ಟೊಎಥನಾಲ್ ಪ್ರಮಾಣವನ್ನೂ ಏರಿಸಬೇಕು. ಮೊದಲನೆಯದು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡನೆಯದು ಕಂದಾಗುವುದನ್ನು ತಡೆಯುತ್ತದೆ.

ತೆಗೆದ ಡಿಎನ್‌ಎಯನ್ನು ಬರೀ ನೀರಿನಲ್ಲಿ ಇಡಬೇಡಿ. ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಹುಳಿಯಾಗುತ್ತದೆ, ಹುಳಿಯಲ್ಲಿ ಡಿಎನ್‌ಎ ಸವೆಯುತ್ತದೆ. ಟಿಇ ಬಫರಿನಲ್ಲಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲೋ 80ರಲ್ಲೋ ಇಡಿ. ದಿನವೂ ಬಳಸುವ ಪಾಲು ಫ್ರಿಜ್ಜಿನ 4 ಡಿಗ್ರಿಯಲ್ಲೇ ಇರಲಿ. ಪದೇ ಪದೇ ಹೆಪ್ಪುಗಟ್ಟಿ ಕರಗಿದರೆ ಉದ್ದನೆಯ ಡಿಎನ್‌ಎ ತುಂಡಾಗುತ್ತದೆ.

ಜೀವಂತ ಉಳಿಸುವ ಮಾತು

ಭತ್ತ, ರಾಗಿ, ಬೇಳೆಕಾಳುಗಳ ಬೀಜಗಳನ್ನು ಒಣಗಿಸಿ ಮೈನಸ್ 18ರಲ್ಲಿಟ್ಟರೆ ದಶಕಗಳ ನಂತರವೂ ಮೊಳೆಯುತ್ತವೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್ ಆಗಲಿ, ನಾರ್ವೆಯ ಸ್ವಾಲ್ಬಾರ್ಡಿನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರವಾಗಲಿ ನಿಂತಿರುವುದು ಈ ಗುಣದ ಮೇಲೆ. ಮಾವು, ಹಲಸು, ತೆಂಗಿನ ಬೀಜಗಳಿಗೆ ಆ ಗುಣವಿಲ್ಲ. ಒಣಗಿಸಿದರೆ ಸಾಯುತ್ತವೆ, ಒಣಗಿಸದೆ ಹೆಪ್ಪುಗಟ್ಟಿಸಿದರೂ ಸಾಯುತ್ತವೆ. ಕಾಫಿ ಬೀಜ ಇವೆರಡರ ನಡುವಿನದು. ಹಾಗಾಗಿ ಒಂದು ಅಪ್ಪೆ ತಳಿ ಉಳಿಯಬೇಕಾದರೆ ಅದನ್ನು ಕಸಿಕಟ್ಟಿ ನಾಲ್ಕಾರು ತೋಟಗಳಲ್ಲಿ ನೆಡಬೇಕು. ಈ ಕೆಲಸವನ್ನು ಫ್ರೀಜರ್ ಮಾಡಿಕೊಡಲಾರದು.

ಬಾಳೆಯದು ಇನ್ನೊಂದು ಕಥೆ. ತಿನ್ನುವ ಬಾಳೆಗೆ ಬೀಜವೇ ಇಲ್ಲ, ಕಂದಿನಿಂದ ಕಂದಿಗೆ ತಳಿ ಸಾಗುತ್ತದೆ. ನಂಜನಗೂಡು ರಸಬಾಳೆಯನ್ನು ಕಾಡಿದ ಪನಾಮಾ ಸೊರಗುರೋಗದಂಥದ್ದು ಮಣ್ಣಿಗೆ ಬಂದರೆ ತೋಟವೂ ಸುರಕ್ಷಿತವಲ್ಲ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿರುವ ಅಂತರರಾಷ್ಟ್ರೀಯ ಬಾಳೆ ಸಂಗ್ರಹಾಲಯದಲ್ಲಿ 1500ಕ್ಕೂ ಹೆಚ್ಚು ಬಗೆಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ದ್ರವ ಸಾರಜನಕದಲ್ಲಿ ಜೀವಂತ ಇಟ್ಟಿದ್ದಾರೆ. ಅವರು ಇಡುವುದು ಗಿಡದ ಬೆಳೆಯುವ ತುದಿಯನ್ನು, ಸೂಕ್ಷ್ಮದರ್ಶಕದಡಿ ಕತ್ತರಿಸಿದ ಮಿಲಿಮೀಟರ್ ಲೆಕ್ಕದ ತುಣುಕನ್ನು. ಅದನ್ನು ಗ್ಲಿಸರಾಲ್, ಎಥಿಲೀನ್ ಗ್ಲೈಕಾಲ್, ಡಿಎಂಎಸ್‌ಒ ಮತ್ತು ಸಕ್ಕರೆ ಸೇರಿದ ದ್ರಾವಣದಲ್ಲಿ ನೆನೆಸುತ್ತಾರೆ. ಜಪಾನಿನ ಸಕಾಯಿ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ದ್ರಾವಣ ಅದು. ಕೋಶದ ನೀರಿನ ಜಾಗಕ್ಕೆ ಇದು ಸೇರಿಕೊಂಡ ಮೇಲೆ ತುಣುಕನ್ನು ದ್ರವ ಸಾರಜನಕಕ್ಕೆ ಹಾಕಿದರೆ ಮಂಜಿನ ಹರಳು ಹುಟ್ಟದೆ ಎಲ್ಲವೂ ಗಾಜಾಗಿ ನಿಲ್ಲುತ್ತದೆ. ಹೊರತೆಗೆಯುವಾಗ ಸರ್ರನೆ ಬೆಚ್ಚಗಾಗಿಸಬೇಕು, ನಿಧಾನಿಸಿದರೆ ಆಗ ಹರಳು ಹುಟ್ಟುತ್ತದೆ. ನೆನೆಯುವ ಹೊತ್ತು ಕಡಿಮೆಯಾದರೆ ಹರಳು ಕೊಲ್ಲುತ್ತದೆ, ಹೆಚ್ಚಾದರೆ ದ್ರಾವಣದ ವಿಷವೇ ಕೊಲ್ಲುತ್ತದೆ. ತಳಿಯಿಂದ ತಳಿಗೆ ಆ ನಿಮಿಷಗಳ ಲೆಕ್ಕ ಬೇರೆ. ಇದು ನುರಿತ ಕೈಗಳ ಕೆಲಸ, ಸಣ್ಣ ಲ್ಯಾಬು ಇದಕ್ಕೆ ಕೈಹಾಕುವ ಬದಲು ರಾಷ್ಟ್ರೀಯ ಜೀನ್ ಬ್ಯಾಂಕ್ ನಡೆಸುವ ದೆಹಲಿಯ ಎನ್‌ಬಿಪಿಜಿಆರ್‌ನಂಥ ಸಂಸ್ಥೆಯ ಕ್ರಯೋ ಬ್ಯಾಂಕಿಗೆ ಬರೆಯುವುದು ಜಾಣತನ. ಪರಾಗದ ವಿಷಯದಲ್ಲಿ ಇಷ್ಟು ತಾಪತ್ರಯವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋಟಗಾರಿಕಾ ಬೆಳೆಗಳ ಪರಾಗವನ್ನು ದ್ರವ ಸಾರಜನಕದಲ್ಲಿ ಕಾಪಿಡುವ ಬ್ಯಾಂಕನ್ನೇ ನಡೆಸಿದೆ. ಹೂ ಬಿಡುವ ಕಾಲ ಹೊಂದದ ಎರಡು ತಳಿಗಳನ್ನು ಕೂಡಿಸಲು ಇದು ಅನುಕೂಲ.

ಚೀಟಿ, ಅನುಮತಿ, ಪಾರ್ಸೆಲ್

ಬರೀ ‘ಅಪ್ಪೆ–3’ ಎಂದು ಬರೆದ ಪೊಟ್ಟಣ ಮೈನಸ್ 196ರಲ್ಲಿದ್ದರೂ ಕಸ. ಸ್ಥಳೀಯ ಹೆಸರು, ಊರು, ಮರದ ಒಡೆಯರು, ಜಿಪಿಎಸ್, ತಾರೀಖು, ಕಿತ್ತ ಹೊತ್ತು, ಹೆಪ್ಪುಗಟ್ಟಿಸಿದ ಹೊತ್ತು ಎಲ್ಲವೂ ನೋಟ್‌ಬುಕ್ಕಿಗೆ ಹೋಗಲಿ. ಪೊಟ್ಟಣದ ಮೇಲೂ ಒಳಗೂ ಅದೇ ಸಂಖ್ಯೆ ಇರಲಿ. ಒಳಗಿನ ಚೀಟಿಗೆ ಪೆನ್ಸಿಲ್ಲೇ ಉತ್ತಮ. ‘ಪರ್ಮನೆಂಟ್’ ಎಂದು ಹೆಸರಿರುವ ಮಾರ್ಕರ್ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಸಾಮಾನ್ಯ ಅಂಟಿನ ಲೇಬಲ್ ಮೈನಸ್ 80ರಲ್ಲಿ ಸಿಪ್ಪೆ ಸುಲಿದು ಬೀಳುತ್ತದೆ. ಅದೇ ಟೊಂಗೆಯ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಮಾನ್ಯ ಹರ್ಬೇರಿಯಂಗೆ ಕೊಟ್ಟು ಸಂಖ್ಯೆ ಪಡೆಯಿರಿ. ಮುಂದೊಂದು ದಿನ ಗುರುತಿನ ಬಗ್ಗೆ ತಕರಾರು ಎದ್ದರೆ ನೋಡಲು ಅದೊಂದೇ ಉಳಿದಿರುತ್ತದೆ.

ಕಾಡಿನ ಮರವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಖಾಸಗಿ ಬೆಟ್ಟದ್ದಾದರೆ ಒಡೆಯರ ಒಪ್ಪಿಗೆ ಪಡೆದು, ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿ. 2002ರ ಜೈವಿಕ ವೈವಿಧ್ಯ ಕಾಯ್ದೆ 2023ರಲ್ಲಿ ತಿದ್ದುಪಡಿಯಾಗಿದೆ, ಹೊಸ ಪಠ್ಯವನ್ನೇ ಓದಿ. ಎಲೆಯನ್ನೋ ಅದರ ಡಿಎನ್‌ಎಯನ್ನೋ ಹೊರದೇಶದ ಲ್ಯಾಬಿಗೆ ಕಳಿಸುವ ಆಲೋಚನೆಯಿದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿ ಹಿಡಿಯಬೇಕು. ಅನುಮತಿ ಬರಲು ತಿಂಗಳುಗಳು ಬೇಕಾಗಬಹುದು, ಹೆಪ್ಪುಗಟ್ಟಿಸುವ ಮೊದಲೇ ಅರ್ಜಿ ಹಾಕಿ.

ಊರಿಂದೂರಿಗೆ ಕಳಿಸಲು ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಡ್ರೈ ಐಸ್. ಸಾಮಾನ್ಯ ಪೆಟ್ಟಿಗೆಯಲ್ಲಿ ದಿನಕ್ಕೆ ಎರಡರಿಂದ ಐದು ಕಿಲೋ ಆವಿಯಾಗುತ್ತದೆಂದು ಲೆಕ್ಕ ಹಿಡಿದು, ದಾರಿಯ ದಿನಕ್ಕೆ ಒಂದು ದಿನ ಹೆಚ್ಚಿಗೆ ತುಂಬಿ. ಉಳಿದ ಖಾಲಿಗೆ ಪತ್ರಿಕೆ ಮುದುರಿ ತುರುಕಿ, ಅನಿಲ ಹೊರಹೋಗಲು ಸಂದಿ ಬಿಡಿ, ಮುಚ್ಚಳಕ್ಕೆ ಗಾಳಿಯಾಡದಂತೆ ಟೇಪು ಸುತ್ತಬೇಡಿ. ವಿಮಾನದಲ್ಲಿ ಒಯ್ಯುವವರಿಗೆ ತಲಾ 2.5 ಕಿಲೋ ಡ್ರೈ ಐಸ್ ಮಿತಿಯಿದೆ, ಅದಕ್ಕೂ ಮೊದಲೇ ಕಂಪನಿಯ ಒಪ್ಪಿಗೆ ಪಡೆದಿರಬೇಕು. ಪಾರ್ಸೆಲ್ ಸೋಮವಾರ ಹೊರಡಲಿ, ಆ ಕಡೆಯವರಿಗೆ ಫೋನ್ ಮಾಡಿ ಹೇಳಿ. ಶುಕ್ರವಾರ ಹೊರಟದ್ದು ಭಾನುವಾರವಿಡೀ ಕೊರಿಯರ್ ಗೋದಾಮಿನಲ್ಲಿ ಕೂತಿರುತ್ತದೆ.